ಬೆಂಗಳೂರು ಹೊರವಲಯದ ಮೋಟಾರು ವೃತ್ತಿ ಮತ್ತು ಆಕ್ಟೇನ್ ಕುರಿತ ನಂಬಿಕೆ: ಒಂದು ಚಾರಿತ್ರಿಕ ಅವಲೋಕನ

ಜಾನಪದವೆಂದರೆ ಹೊಲಗದ್ದೆ, ಜಾತ್ರೆ, ಬೀಸುವ ಕಲ್ಲುಗಳ ಲೋಕ ಮಾತ್ರವೆಂದು ಭಾವಿಸುವ ಕಾಲ ಕಳೆದುಹೋಗಿದೆ. ಕಮ್ಮಾರ, ಕುಂಬಾರ, ಬಡಗಿಗಳ ವೃತ್ತಿಜ್ಞಾನವನ್ನು ದಾಖಲಿಸಿದಷ್ಟೇ ಶ್ರದ್ಧೆಯಿಂದ ಕೈಗಾರಿಕಾ ನಗರದ ವೃತ್ತಿಜ್ಞಾನವನ್ನೂ ದಾಖಲಿಸಬೇಕಾದ ಅಗತ್ಯ ಇಂದು ನಮ್ಮ ಮುಂದಿದೆ. ಪೀಣ್ಯದ ಲೇತ್ ಅಂಗಡಿಯಲ್ಲಿ, ವೈಟ್‌ಫೀಲ್ಡ್ ರಸ್ತೆಯ ಗ್ಯಾರೇಜಿನಲ್ಲಿ, ಹೊಸೂರು ರಸ್ತೆಯ ಪೆಟ್ರೋಲ್ ಬಂಕಿನಲ್ಲಿ ಬಾಯಿಂದ ಬಾಯಿಗೆ ಹರಿದುಬಂದ ಮಾತುಗಳೂ ಒಂದು ಮೌಖಿಕ ಪರಂಪರೆಯೇ. ಅಂಥ ಮಾತುಗಳಲ್ಲಿ ಬಹಳ ಗಟ್ಟಿಯಾಗಿ ಬೇರೂರಿರುವುದು ‘ಆಕ್ಟೇನ್ ಹೆಚ್ಚಾದಷ್ಟೂ ಗಾಡಿಗೆ ಶಕ್ತಿ ಹೆಚ್ಚು’ ಎಂಬ ನಂಬಿಕೆ. ಈ ನಂಬಿಕೆ ಸುಳ್ಳೆಂದು ತಳ್ಳಿಹಾಕುವುದಾಗಲಿ, ನಿಜವೆಂದು ಒಪ್ಪುವುದಾಗಲಿ ಸುಲಭವಲ್ಲ. ಒಂದು ಬಗೆಯ ಎಂಜಿನ್‌ಗೆ ನಿಜವಾದದ್ದು ಇನ್ನೊಂದು ಬಗೆಯ ಎಂಜಿನ್‌ಗೆ ನಿಜವಲ್ಲ. ಸಮುದ್ರ ತೀರದಲ್ಲಿ ನಿಜವಾದದ್ದು ಬೆಂಗಳೂರಿನ ಎತ್ತರದಲ್ಲಿ ಅಷ್ಟೇ ನಿಜವಲ್ಲ. ಈ ನಂಬಿಕೆಯ ಚರಿತ್ರೆಯನ್ನು ಬೆಂಗಳೂರಿನ ಹೊರವಲಯದ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಆಕ್ಟೇನ್: ಶಕ್ತಿಯೋ, ಸಹನೆಯೋ?

ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿ ಮತ್ತು ಇಂಧನದ ಮಿಶ್ರಣವನ್ನು ಪಿಸ್ಟನ್ ಅದುಮುತ್ತದೆ. ಸ್ಪಾರ್ಕ್ ಪ್ಲಗ್ಗಿನ ಕಿಡಿ ಅದನ್ನು ಹೊತ್ತಿಸುತ್ತದೆ. ಜ್ವಾಲೆ ಕಿಡಿಯ ಬಳಿಯಿಂದ ಕ್ರಮವಾಗಿ ಹರಡಬೇಕು. ಒತ್ತಡ ಮತ್ತು ಶಾಖ ಮಿತಿಮೀರಿದಾಗ ಜ್ವಾಲೆ ತಲುಪುವ ಮೊದಲೇ ಮೂಲೆಯಲ್ಲಿ ಉಳಿದ ಮಿಶ್ರಣ ತಾನೇ ಸಿಡಿಯುತ್ತದೆ. ಆಗ ಕೇಳಿಬರುವ ಲೋಹದ ಸದ್ದನ್ನೇ ಗ್ಯಾರೇಜಿನಲ್ಲಿ ‘ನಾಕಿಂಗ್’ ಎನ್ನುತ್ತಾರೆ. ಇಂಗ್ಲೆಂಡಿನ ಹ್ಯಾರಿ ರಿಕಾರ್ಡೊ ಮೊದಲ ಮಹಾಯುದ್ಧದ ಆಸುಪಾಸಿನಲ್ಲಿ ಇದಕ್ಕೂ ಇಂಧನದ ಗುಣಕ್ಕೂ ಇರುವ ಸಂಬಂಧವನ್ನು ಪ್ರಯೋಗಗಳಿಂದ ಸ್ಪಷ್ಟಪಡಿಸಿದನು. ಅಮೆರಿಕದಲ್ಲಿ ಥಾಮಸ್ ಮಿಜ್ಲಿ ಮತ್ತು ಸಂಗಡಿಗರು 1921ರಲ್ಲಿ ಸೀಸದ ಒಂದು ಸಂಯುಕ್ತವು ಈ ಸಿಡಿತವನ್ನು ತಡೆಯುತ್ತದೆಂದು ಕಂಡುಕೊಂಡರು. 1926ರಲ್ಲಿ ಗ್ರಹಾಂ ಎಡ್ಗರ್ ಅಳತೆಗೋಲನ್ನು ರೂಪಿಸಿದನು: ಐಸೊ-ಆಕ್ಟೇನ್‌ಗೆ 100, ಸಾಮಾನ್ಯ ಹೆಪ್ಟೇನ್‌ಗೆ ಸೊನ್ನೆ. ಇವೆರಡರ 91:9 ಮಿಶ್ರಣದಂತೆ ಸಿಡಿತವನ್ನು ತಾಳುವ ಪೆಟ್ರೋಲ್ 91 ಆಕ್ಟೇನ್‌ನದು.

ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಈ ಅಂಕಿ ಪೆಟ್ರೋಲಿನೊಳಗಿನ ಶಕ್ತಿಯನ್ನು ಅಳೆಯುವುದಿಲ್ಲ. ಅದರ ಸಹನೆಯನ್ನು ಅಳೆಯುತ್ತದೆ. ಸಹನೆ ಹೆಚ್ಚಿದ್ದರೆ ಎಂಜಿನ್ ಅದನ್ನು ಹೆಚ್ಚು ಅದುಮಬಹುದು, ಕಿಡಿಯನ್ನು ಬೇಗ ಕೊಡಬಹುದು. ಅಂಥ ಅವಕಾಶವನ್ನು ಬಳಸಿಕೊಳ್ಳುವ ರಚನೆ ಎಂಜಿನ್‌ಗೆ ಇಲ್ಲದಿದ್ದರೆ ಹೆಚ್ಚಿನ ಸಹನೆ ವ್ಯರ್ಥ.

ಎಂಜಿನ್‌ಗಳಲ್ಲಿ ಎರಡು ಬಗೆ. ಸುತ್ತಲಿನ ಗಾಳಿಯ ಒತ್ತಡದಿಂದಷ್ಟೇ ಉಸಿರಾಡುವುದು ಒಂದು; ಇದನ್ನು ಈ ಲೇಖನದಲ್ಲಿ ಸಾದಾ ಎಂಜಿನ್ ಎಂದು ಕರೆಯಲಾಗಿದೆ. ಹೊಗೆಯ ರಭಸದಿಂದ ತಿರುಗುವ ಪಂಖದ ಮೂಲಕ ಗಾಳಿಯನ್ನು ಒಳಗೆ ಒತ್ತಿ ತುಂಬಿಸಿಕೊಳ್ಳುವುದು ಇನ್ನೊಂದು, ಅದೇ ಟರ್ಬೊ. ಸ್ವಿಟ್ಸರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ 1905ರಲ್ಲಿ ಇದಕ್ಕೆ ಪೇಟೆಂಟ್ ಪಡೆದನು. ಒತ್ತಿ ತುಂಬಿದ ಗಾಳಿ ಬಿಸಿಯೂ ಆಗಿರುತ್ತದೆ, ದಟ್ಟವೂ ಆಗಿರುತ್ತದೆ. ಆದ್ದರಿಂದ ಟರ್ಬೊ ಎಂಜಿನ್ ಪೆಟ್ರೋಲಿನ ಸಹನೆಯನ್ನು ಕೊನೆಯ ಮಿತಿಯವರೆಗೂ ಪರೀಕ್ಷಿಸುತ್ತದೆ. 1970ರ ದಶಕದ ಮಧ್ಯದಲ್ಲಿ ಪೋರ್ಷೆ 911 ಟರ್ಬೊ ಕ್ರೀಡಾ ಕಾರು ಬಂದಾಗ ಅದರ ಸಂಕೋಚನ ಪ್ರಮಾಣವನ್ನು 6.5:1ಕ್ಕೆ ಇಳಿಸಬೇಕಾಯಿತು, ಅದೇ ಕಾಲದ ಸಾದಾ 911 ಕಾರುಗಳದು 8 ಅಥವಾ ಅದಕ್ಕಿಂತ ಮೇಲಿತ್ತು. ಟರ್ಬೊ ಒತ್ತುವ ಹೆಚ್ಚುವರಿ ಗಾಳಿಗಾಗಿ ಮಾಡಿಕೊಂಡ ಹೊಂದಾಣಿಕೆ ಅದು.

2. ಎತ್ತರದ ಪಾತ್ರ

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿಯ ಗಾಳಿಯ ಒತ್ತಡ ಕರಾವಳಿಯ ಒತ್ತಡದ ಶೇ. 90ರಷ್ಟು ಮಾತ್ರ. ಸಾದಾ ಎಂಜಿನ್ ಪ್ರತಿ ಉಸಿರಿನಲ್ಲಿಯೂ ಹತ್ತನೆಯ ಒಂದು ಪಾಲಿನಷ್ಟು ಗಾಳಿಯನ್ನು ಕಡಿಮೆ ಪಡೆಯುತ್ತದೆ. ಅದರಿಂದ ಎಂಜಿನ್ನಿನ ಬಲ ಸ್ವಲ್ಪ ಕುಗ್ಗುತ್ತದೆ. ಜೊತೆಗೆ ಸಿಡಿತದ ಭಯವೂ ಕುಗ್ಗುತ್ತದೆ. ಹಳೆಯ ಕಾರನ್ನು ಬೆಂಗಳೂರಿನಲ್ಲಿ ಟೈಮಿಂಗ್ ಮಾಡಿಸಿ ಶಿರಾಡಿ ಘಾಟಿಯಿಳಿದು ಮಂಗಳೂರಿಗೆ ಒಯ್ದರೆ, ಇಲ್ಲಿ ಮೌನವಾಗಿದ್ದ ಎಂಜಿನ್ ಅಲ್ಲಿ ಸದ್ದು ಮಾಡಲು ಕಾರಣ ಇದೇ. ಅಮೆರಿಕದ ರಾಕಿ ಪರ್ವತ ಪ್ರದೇಶದ ರಾಜ್ಯಗಳಲ್ಲಿ ಕಡಿಮೆ ಆಕ್ಟೇನ್‌ನ ಪೆಟ್ರೋಲನ್ನು ಮಾರುವ ಪದ್ಧತಿ ಬೆಳೆದುಬಂದದ್ದೂ ಹಳೆಯ ಸಾದಾ ಎಂಜಿನ್‌ಗಳ ಈ ಸ್ವಭಾವದಿಂದಲೇ.

ಟರ್ಬೊ ಎಂಜಿನ್‌ಗೆ ಈ ರಿಯಾಯಿತಿ ಇಲ್ಲ. ಗಾಳಿ ತೆಳುವಾದರೆ ಅದರ ಪಂಖ ಇನ್ನಷ್ಟು ವೇಗವಾಗಿ ತಿರುಗಿ ಕೊರತೆಯನ್ನು ಬಹುಮಟ್ಟಿಗೆ ತುಂಬಿಕೊಳ್ಳುತ್ತದೆ. ಹಾಗೆ ತುಂಬುವಾಗ ಗಾಳಿ ಇನ್ನಷ್ಟು ಬಿಸಿಯಾಗುತ್ತದೆ. ಹೀಗಾಗಿ ಕರಾವಳಿಯಲ್ಲಿ ಬೇಕಾದಷ್ಟೇ ಆಕ್ಟೇನ್ ಬೆಂಗಳೂರಿನಲ್ಲಿಯೂ ಅದಕ್ಕೆ ಬೇಕು. ಒಂದೇ ಬಂಕಿನ ಒಂದೇ ಪೆಟ್ರೋಲ್ ಒಂದು ಗಾಡಿಗೆ ಅಗತ್ಯಕ್ಕಿಂತ ಹೆಚ್ಚಾಗಿ, ಪಕ್ಕದಲ್ಲಿ ನಿಂತ ಗಾಡಿಗೆ ಸಾಲದೆ ಹೋಗುವುದು ಹೀಗೆ.

3. ವಿಮಾನಪುರದ ನೂರು ಆಕ್ಟೇನ್

ಈ ಪ್ರದೇಶಕ್ಕೆ ಅಧಿಕ ಆಕ್ಟೇನ್ ಇಂಧನದ ಪರಿಚಯ ಆದದ್ದು ಕಾರಿನ ಮೂಲಕವಲ್ಲ, ವಿಮಾನದ ಮೂಲಕ. ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ಸಹಭಾಗಿತ್ವದಲ್ಲಿ 1940ರ ಡಿಸೆಂಬರ್‌ನಲ್ಲಿ ಸ್ಥಾಪಿಸಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ನಗರದ ಪೂರ್ವಕ್ಕೆ, ವೈಟ್‌ಫೀಲ್ಡ್ ಕಡೆಯ ದಾರಿಯಲ್ಲಿ ತಲೆಯೆತ್ತಿತು. 1943ರಲ್ಲಿ ಅದರ ನಿರ್ವಹಣೆ ಅಮೆರಿಕದ ಸೇನಾ ವಾಯುಪಡೆಗೆ ಹೋಯಿತು. ಕ್ಯಾಟಲಿನಾ, ಸಿ-47 ಮುಂತಾದ ವಿಮಾನಗಳು ದುರಸ್ತಿಗಾಗಿ ಇಲ್ಲಿಗೆ ಬಂದವು. ಇವುಗಳ ಎಂಜಿನ್‌ಗಳು ಗಾಳಿಯನ್ನು ಒತ್ತಿ ತುಂಬಿಸಿಕೊಳ್ಳುವ ಸೂಪರ್‌ಚಾರ್ಜ್ ಬಗೆಯವು. ಆ ಪಂಖ ಹೊಗೆಯಿಂದಲ್ಲದೆ ಎಂಜಿನ್ನಿನ ಗೇರಿನಿಂದ ತಿರುಗುತ್ತಿತ್ತು ಎಂಬುದಷ್ಟೇ ಟರ್ಬೊಗೂ ಅದಕ್ಕೂ ಇರುವ ಮುಖ್ಯ ವ್ಯತ್ಯಾಸ.

ಆ ಯುದ್ಧಕಾಲದಲ್ಲಿ ‘ನೂರು ಆಕ್ಟೇನ್’ ಎಂಬುದು ಶಕ್ತಿಯ ಇನ್ನೊಂದು ಹೆಸರೇ ಆಗಿತ್ತು. ಅದಕ್ಕೆ ಆಧಾರವೂ ಇತ್ತು. 1940ರಲ್ಲಿ ಬ್ರಿಟನ್ನಿನ ಮರ್ಲಿನ್ ಎಂಜಿನ್‌ಗಳಿಗೆ 87ರ ಬದಲು 100 ಆಕ್ಟೇನ್ ಇಂಧನ ದೊರೆತೊಡನೆ ಗಾಳಿ ಒತ್ತುವ ಮಿತಿಯನ್ನು ಚದರ ಅಂಗುಲಕ್ಕೆ 6.25 ಪೌಂಡಿನಿಂದ 12 ಪೌಂಡಿಗೆ ಏರಿಸಲಾಯಿತು. ಎಂಜಿನ್ ಅದೇ; ಆದರೂ ಅಲ್ಪಾವಧಿಯಲ್ಲಿ ನೀಡಬಲ್ಲ ಬಲ 1,300 ಅಶ್ವಶಕ್ತಿಯನ್ನು ಮೀರಿತು. ಇಂಧನ ತಾಳಬಲ್ಲದೆಂಬ ಭರವಸೆಯಿಂದ ಗಾಳಿಯನ್ನು ಹೆಚ್ಚು ತುಂಬಿದ್ದರಿಂದ ಈ ಲಾಭ ಬಂದಿತು. ಕೇವಲ ಇಂಧನವನ್ನು ಬದಲಿಸಿ ಸುಮ್ಮನಿದ್ದಿದ್ದರೆ ಬರುತ್ತಿರಲಿಲ್ಲ. ನಂಬಿಕೆಯಾಗಿ ಉಳಿಯುವಾಗ ಈ ಎರಡನೆಯ ಅರ್ಧ ಕಳಚಿಕೊಳ್ಳುತ್ತದೆ. ಮೌಖಿಕ ಪರಂಪರೆಯಲ್ಲಿ ಫಲ ಉಳಿದು ಷರತ್ತು ಮರೆಯಾಗುವುದು ಸಾಮಾನ್ಯ. ಮನೆಮದ್ದಿನ ಜಾನಪದದಲ್ಲಿ ಇದಕ್ಕೆ ಹೇರಳ ನಿದರ್ಶನಗಳಿವೆ.

4. ಕಿವಿಯ ವಿದ್ಯೆ

ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ನಮ್ಮ ರಸ್ತೆಗಳನ್ನು ಆಳಿದ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳು ಕಡಿಮೆ ಸಂಕೋಚನದ ಸಾದಾ ಎಂಜಿನ್‌ಗಳು. ಆಗಿನ ಕಡಿಮೆ ಆಕ್ಟೇನ್ ಪೆಟ್ರೋಲಿಗೆ ತಕ್ಕಂತೆಯೇ ಅವನ್ನು ರೂಪಿಸಲಾಗಿತ್ತು. ಡಿಸ್ಟ್ರಿಬ್ಯೂಟರನ್ನು ಕೈಯಿಂದ ಚೂರುಚೂರೇ ತಿರುಗಿಸಿ, ಏರಿನಲ್ಲಿ ಓಡಿಸಿ, ತಗಡಿನ ಡಬ್ಬಿಯಲ್ಲಿ ಹುಣಸೆಬೀಜ ಅಲ್ಲಾಡಿಸಿದಂಥ ಸದ್ದು ಬರುತ್ತಲೇ ಒಂದು ಕೂದಲಿನಷ್ಟು ಹಿಂದಕ್ಕೆ ತರುವುದು ಮೆಕ್ಯಾನಿಕ್‌ನ ಕೈಚಳಕವಾಗಿತ್ತು. ಉಸ್ತಾದನ ಬಳಿ ವರ್ಷಗಟ್ಟಲೆ ಸ್ಪ್ಯಾನರ್ ಎತ್ತಿಕೊಟ್ಟ ಹುಡುಗನಿಗೆ ಮಾತ್ರ ಈ ವಿದ್ಯೆ ಒಲಿಯುತ್ತಿತ್ತು. ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿ ಅದರ ತುದಿಯ ಬಣ್ಣದಿಂದ ಎಂಜಿನ್ನಿನ ಆರೋಗ್ಯ ಹೇಳುವುದು ಇದರ ಇನ್ನೊಂದು ಅಂಗ. 1951ರಲ್ಲಿ ಸ್ಥಾಪನೆಯಾದ ಮೈಕೊ ಕಾರ್ಖಾನೆಯಿಂದಾಗಿ ಆ ಪ್ಲಗ್ಗೂ ಬೆಂಗಳೂರಿನದೇ ಆಯಿತು.

1970ರ ದಶಕದಿಂದ ಬೆಳೆದ ಪೀಣ್ಯ ಕೈಗಾರಿಕಾ ಪ್ರದೇಶ ಈ ವಿದ್ಯೆಗೆ ಯಂತ್ರದ ಬಲ ಕೊಟ್ಟಿತು. ಸಿಲಿಂಡರ್ ಹೆಡ್ಡನ್ನು ಲೇತ್ ಅಂಗಡಿಗೆ ಕೊಟ್ಟು ತೆಳುವಾಗಿ ಕೆತ್ತಿಸಿದರೆ ಸಂಕೋಚನ ಏರುತ್ತದೆ, ‘ಪಿಕಪ್’ ಹೆಚ್ಚುತ್ತದೆ. ಶೋಳಾವರಂನ ಹಳೆಯ ವಿಮಾನಪಟ್ಟಿಯಲ್ಲಿ, 1990ರ ನಂತರ ಶ್ರೀಪೆರಂಬುದೂರು ಬಳಿಯ ಪಥದಲ್ಲಿ ಸ್ಪರ್ಧಿಸುವವರಿಗೆ ಇಂಥ ಕೆಲಸ ಅನಿವಾರ್ಯವಾಗಿತ್ತು. ಹೀಗೆ ಕೆತ್ತಿಸಿದ ಸಾದಾ ಎಂಜಿನ್‌ಗೆ ಹೆಚ್ಚು ಆಕ್ಟೇನ್ ನಿಜವಾಗಿಯೂ ಬೇಕು. ಬೆಂಗಳೂರಿನಲ್ಲಿ ಸರಿಯಿದ್ದ ಕೆತ್ತನೆ ಚೆನ್ನೈನ ಸಮುದ್ರಮಟ್ಟದ ಬಿಸಿಲಿನಲ್ಲಿ ಪಿಸ್ಟನ್ನನ್ನೇ ಬಲಿ ತೆಗೆದುಕೊಳ್ಳಬಹುದು. ಎತ್ತರದ ಲೆಕ್ಕ ತಿಳಿಯದವನಿಗೆ ಇದು ದುರದೃಷ್ಟವಾಗಿ ಕಾಣುತ್ತದೆ, ತಿಳಿದವನಿಗೆ ನಿರೀಕ್ಷಿತ ಫಲ.

5. ಕೊಳವೆಮಾರ್ಗ, ಹೊಸ ಕಾರು, ಹೊಸ ಮಾತು

1995ರಲ್ಲಿ ನಾಲ್ಕು ಮಹಾನಗರಗಳಿಂದ ಆರಂಭವಾದ ಸೀಸರಹಿತ ಪೆಟ್ರೋಲ್ 2000ದ ಫೆಬ್ರವರಿಯ ಹೊತ್ತಿಗೆ ದೇಶವನ್ನೆಲ್ಲ ವ್ಯಾಪಿಸಿತು. ಸೀಸದ ಬದಲು ಸಂಸ್ಕರಣೆಯಿಂದಲೇ ಆಕ್ಟೇನ್ ಗಳಿಸಬೇಕಾಯಿತು. ಭಾರತ್ ಸ್ಟೇಜ್-2ರಲ್ಲಿ ಕನಿಷ್ಠ 88 ಇದ್ದ ಮಟ್ಟ ನಂತರದ ಹಂತಗಳಲ್ಲಿ 91 ಆಯಿತು. 2003ರಲ್ಲಿ ಕಾರ್ಯಾರಂಭ ಮಾಡಿದ ಮಂಗಳೂರು–ಹಾಸನ–ಬೆಂಗಳೂರು ಕೊಳವೆಮಾರ್ಗ ಸುಮಾರು 362 ಕಿ.ಮೀ. ಸಾಗಿ ವೈಟ್‌ಫೀಲ್ಡ್‌ನ ಆಚೆ ದೇವನಗೊಂದಿಯಲ್ಲಿ ಕೊನೆಗೊಳ್ಳುತ್ತದೆ. ಕರಾವಳಿಯ ಪೆಟ್ರೋಲ್ ಘಟ್ಟವೇರಿ ಬಂದು ಸೇರುವ ಈ ಊರಿನ ಸುತ್ತಲೇ ಮಾಹಿತಿ ತಂತ್ರಜ್ಞಾನದ ಹೊಸ ಜನವಸತಿ ಬೆಳೆಯಿತು.

ಈ ಹೊಸ ಉದ್ಯೋಗಿ ವರ್ಗದ ಕೈಗೆ ಹೊಸ ಕಾರುಗಳು ಬಂದವು. ಬೆಂಗಳೂರು ಮೂಲದ ಸ್ಯಾನ್ ಮೋಟಾರ್ಸ್ 1990ರ ದಶಕದ ಕೊನೆಯಲ್ಲಿ ತಂದ ‘ಸ್ಯಾನ್ ಸ್ಟಾರ್ಮ್’ ಎಂಬ ಎರಡು ಆಸನದ ಕ್ರೀಡಾ ಕಾರಿನಲ್ಲಿದ್ದುದು ರೆನೊ ಕಂಪನಿಯ 1,149 ಸಿ.ಸಿ. ಸಾದಾ ಎಂಜಿನ್; ಸುಮಾರು 60 ಅಶ್ವಶಕ್ತಿ. 2004ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಕಾರಿನದು 1.8 ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್, 150 ಅಶ್ವಶಕ್ತಿ. ಈ ಎರಡು ಎಂಜಿನ್‌ಗಳು ಪೆಟ್ರೋಲಿನ ಮುಂದಿಡುವ ಬೇಡಿಕೆ ಒಂದೇ ಅಲ್ಲ. ಆದರೆ ಬಂಕಿನಲ್ಲಿ ಅವೆರಡಕ್ಕೂ ಸಿಗುತ್ತಿದ್ದ ಸಲಹೆ ಒಂದೇ.

2002ರ ಸುಮಾರಿನಿಂದ ತೈಲ ಕಂಪನಿಗಳು ವಿಶೇಷ ಹೆಸರಿನ ಪೆಟ್ರೋಲನ್ನು ಮಾರಲಾರಂಭಿಸಿದವು. ಇವುಗಳಲ್ಲಿ ಕೆಲವಕ್ಕೆ ಸೇರಿಸಿದ್ದುದು ಎಂಜಿನ್ನಿನ ಒಳಭಾಗವನ್ನು ಶುಚಿಯಾಗಿಡುವ ದ್ರವ್ಯ. ಕೆಲವದರಲ್ಲಿ ಆಕ್ಟೇನ್ ಕೂಡ ಹೆಚ್ಚು. ವೇಗ, ಶಕ್ತಿ ಎಂಬ ಹೆಸರುಗಳು ಈ ವ್ಯತ್ಯಾಸವನ್ನು ಅಳಿಸಿಹಾಕಿ ಹಳೆಯ ನಂಬಿಕೆಗೆ ಹೊಸ ಪೋಷಣೆ ಕೊಟ್ಟವು. ಮುಂದೆ 99 ಆಕ್ಟೇನ್‌ನ ಪೆಟ್ರೋಲ್ ಬೆಂಗಳೂರಿನ ಬಂಕುಗಳಿಗೆ ಬಂದಿತು. 2020ರ ಡಿಸೆಂಬರ್‌ನಲ್ಲಿ ಇಂಡಿಯನ್ ಆಯಿಲ್ ದೇಶದ ಕೆಲವು ನಗರಗಳಲ್ಲಿ 100 ಆಕ್ಟೇನ್ ಪೆಟ್ರೋಲನ್ನು ಬಿಡುಗಡೆ ಮಾಡಿತು. ವಿಮಾನಪುರ ಕಂಡಿದ್ದ ಅಂಕಿ ಎಂಟು ದಶಕಗಳ ನಂತರ ಕಾರಿನ ಟ್ಯಾಂಕಿಗೆ ಇಳಿಯಿತು.

ಇದರಿಂದ ಯಾರಿಗೆ ಲಾಭ? ಇಂದಿನ ಟರ್ಬೊ ಎಂಜಿನ್ನಿನಲ್ಲಿ ಸಿಡಿತವನ್ನು ಆಲಿಸುವ ಸಂವೇದಕವಿದೆ. ಸ್ವೀಡನ್ನಿನ ಸಾಬ್ ಕಂಪನಿ 1980ರ ದಶಕದ ಆರಂಭದಲ್ಲಿಯೇ ಇದರ ಆಧಾರದಿಂದ ಟರ್ಬೊ ಒತ್ತಡವನ್ನು ಪೆಟ್ರೋಲಿನ ಗುಣಕ್ಕೆ ತಕ್ಕಂತೆ ಹೊಂದಿಸುವ ವ್ಯವಸ್ಥೆಯನ್ನು ಬಳಕೆಗೆ ತಂದಿತು. ಆಕ್ಟೇನ್ ಕಡಿಮೆಯಾದರೆ ಗಣಕ ಕಿಡಿಯನ್ನು ತಡಮಾಡುತ್ತದೆ, ಒತ್ತಡವನ್ನು ಇಳಿಸುತ್ತದೆ. ಎಂಜಿನ್ ಸುರಕ್ಷಿತ, ಬಲ ಮಾತ್ರ ಸದ್ದಿಲ್ಲದೆ ಕಡಿಮೆ. ಸರಿಯಾದ ಆಕ್ಟೇನ್ ಕೊಟ್ಟರೆ ಅದು ಮರಳಿ ದೊರೆಯುತ್ತದೆ, ಅದೂ ತಯಾರಕರು ನಿಗದಿಪಡಿಸಿದ ಮಿತಿಯವರೆಗೆ. 12:1ರಷ್ಟು ಅಧಿಕ ಸಂಕೋಚನದ ಸಾದಾ ಕ್ರೀಡಾ ಎಂಜಿನ್‌ಗೂ ಈ ಮಾತು ಬಹುಮಟ್ಟಿಗೆ ಅನ್ವಯಿಸುತ್ತದೆ, ಬೆಂಗಳೂರಿನ ಎತ್ತರ ಅದಕ್ಕೆ ತುಸು ವಿನಾಯಿತಿ ಕೊಡುತ್ತದೆ. 91ಕ್ಕೆಂದೇ ರೂಪಿಸಿದ ಸಾಮಾನ್ಯ ಎಂಜಿನ್‌ಗೆ ನೂರು ಆಕ್ಟೇನ್ ಕೊಡುವುದೆಂದರೆ ಹಣ ಖರ್ಚಾಗುವುದಷ್ಟೇ.

6. ಎಥೆನಾಲ್ ಎಂಬ ಹೊಸ ತಿರುವು

ಪೀಣ್ಯದ ಆಚೆ, ತುಮಕೂರು ರಸ್ತೆಯ ಅಂತಾರಾಷ್ಟ್ರೀಯ ವಸ್ತುಪ್ರದರ್ಶನ ಕೇಂದ್ರದಲ್ಲಿ 2023ರ ಫೆಬ್ರವರಿ 6ರಂದು ಶೇ. 20 ಎಥೆನಾಲ್ ಬೆರೆಸಿದ ಪೆಟ್ರೋಲನ್ನು ಪ್ರಧಾನಿ ನರೇಂದ್ರ ಮೋದಿ ಅವರು ಬಿಡುಗಡೆ ಮಾಡಿದರು. ಎಥೆನಾಲಿನ ಆಕ್ಟೇನ್ ಸುಮಾರು 108. ಬೆರಕೆಯಿಂದ ಸಾಮಾನ್ಯ ಪೆಟ್ರೋಲಿನ ಮಟ್ಟವೂ 95ರತ್ತ ಏರಿದೆ. ಆದರೆ ಎಥೆನಾಲಿನ ಶಾಖಶಕ್ತಿ ಪೆಟ್ರೋಲಿನ ಮೂರರಲ್ಲಿ ಎರಡು ಪಾಲಿನಷ್ಟು ಮಾತ್ರ. ಸಹನೆ ಹೆಚ್ಚಿತು, ಶಕ್ತಿ ಕಡಿಮೆಯಾಯಿತು. ಆಕ್ಟೇನ್ ಮತ್ತು ಶಕ್ತಿ ಬೇರೆಬೇರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ. ಹಳೆಯ ಸಾದಾ ಎಂಜಿನ್ನಿನ ಒಡೆಯನಿಗೆ ಇದು ಮೈಲೇಜಿನ ನಷ್ಟವಾಗಿ ಕಾಣುತ್ತದೆ. ಆವಿಯಾಗುವಾಗ ಹೆಚ್ಚು ಶಾಖವನ್ನು ಹೀರಿ ಮಿಶ್ರಣವನ್ನು ತಂಪಾಗಿಸುವ ಎಥೆನಾಲಿನ ಗುಣ, ಅದಕ್ಕೆಂದೇ ಹೊಂದಿಸಿದ ಟರ್ಬೊ ಎಂಜಿನ್‌ಗೆ ಅನುಕೂಲಕರ.

7. ಉಪಸಂಹಾರ

ಮೇಲಿನ ವಿವೇಚನೆಯಿಂದ ಎರಡು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದು, ‘ಆಕ್ಟೇನ್ ಹೆಚ್ಚಾದಷ್ಟೂ ಶಕ್ತಿ ಹೆಚ್ಚು’ ಎಂಬ ಮಾತು ಬರಿಯ ಅಜ್ಞಾನದ ಮಾತಲ್ಲ. ಗಾಳಿಯನ್ನು ಒತ್ತಿ ತುಂಬುವ ಎಂಜಿನ್ನಿಗೂ ಹೆಡ್ಡು ಕೆತ್ತಿಸಿದ ಸ್ಪರ್ಧಾ ಎಂಜಿನ್ನಿಗೂ ಸಲ್ಲುವ ನಿಜವೊಂದು ತನ್ನ ಷರತ್ತನ್ನು ಕಳೆದುಕೊಂಡು ಎಲ್ಲ ಎಂಜಿನ್‌ಗಳಿಗೂ ಹರಡಿದೆ. ಎರಡನೆಯದು, ಆ ಷರತ್ತನ್ನು ಬಲ್ಲವರು ಹಳೆಯ ಮೆಕ್ಯಾನಿಕರೇ ಆಗಿದ್ದರು. ಊರಿನ ಎತ್ತರ, ಬಿಸಿಲು, ಏರು, ಪೆಟ್ರೋಲಿನ ಗುಣ ಎಲ್ಲವನ್ನೂ ಅವರು ಒಂದು ಸದ್ದಿನಲ್ಲಿ ಓದುತ್ತಿದ್ದರು. ಆ ಓದುವ ಕೆಲಸವನ್ನು ಈಗ ಸಂವೇದಕ ವಹಿಸಿಕೊಂಡಿದೆ. ಸದ್ದು ಹುಟ್ಟುವ ಮೊದಲೇ ಅಡಗುತ್ತದೆ. ಸದ್ದೇ ಕೇಳದ ಗ್ಯಾರೇಜಿನಲ್ಲಿ ಕಿವಿಯ ಶಿಕ್ಷಣವೂ ಇಲ್ಲ. ಆಗ ಉಳಿಯುವುದು ಬಂಕಿನ ಫಲಕದ ಮಾತು ಮಾತ್ರ. ಡಿಸ್ಟ್ರಿಬ್ಯೂಟರ್ ತಿರುಗಿಸಿ ಕಲಿತ ಕೊನೆಯ ತಲೆಮಾರು ಇನ್ನೂ ಪೀಣ್ಯ, ಮಹದೇವಪುರ, ಬೊಮ್ಮಸಂದ್ರಗಳಲ್ಲಿ ಕೆಲಸ ಮಾಡುತ್ತಿದೆ. ಅವರ ಪದಗಳನ್ನೂ ಸದ್ದಿನ ವರ್ಗೀಕರಣವನ್ನೂ ಧ್ವನಿಮುದ್ರಣ ಸಹಿತ ಸಂಗ್ರಹಿಸುವ ಕಾರ್ಯವನ್ನು ವೃತ್ತಿ ಜಾನಪದದ ಅಧ್ಯಯನಕಾರರು ತಡಮಾಡದೆ ಕೈಗೊಳ್ಳಬೇಕಾಗಿದೆ.