ಹುಲಿಯ ಪಟ್ಟೆ, ರೈತನ ಅರ್ಜಿ

ಕೊಣಾಜೆಯ ಗುಡ್ಡ ಹತ್ತುವಾಗೆಲ್ಲ ನನಗೆ ಉಲ್ಲಾಸ ಕಾರಂತರ ಹೆಸರು ನೆನಪಾಗುತ್ತದೆ. ಸುರತ್ಕಲ್‌ನಲ್ಲಿ ಎಂಜಿನಿಯರಿಂಗ್ ಓದಿದ ಅವರು ಹುಲಿಯ ಹಿಂದೆ ಹೋಗಿ, ಪಿಎಚ್‌.ಡಿ. ಪಡೆದದ್ದು ನಮ್ಮ ಮಂಗಳೂರು ವಿಶ್ವವಿದ್ಯಾನಿಲಯದಲ್ಲೇ. 1984ರಲ್ಲಿ ಅವರು ಸೆಂಟರ್ ಫಾರ್ ವೈಲ್ಡ್‌ಲೈಫ್ ಸ್ಟಡೀಸ್ ಕಟ್ಟಿದರು. ಹೆಜ್ಜೆಗುರುತು ನೋಡಿ ಹುಲಿ ಎಣಿಸುತ್ತಿದ್ದ ಕಾಲವದು. 1990ರ ದಶಕದ ಆರಂಭದಲ್ಲಿ ಅವರು ನಾಗರಹೊಳೆಯ ಕಾಡುದಾರಿಗಳಲ್ಲಿ ಕ್ಯಾಮೆರಾ ಇಟ್ಟರು. ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿಲ್ಲ. ಅದೇ ಹುಲಿ ಮತ್ತೆ ಮತ್ತೆ ಎಷ್ಟು ಸಲ ಸಿಕ್ಕಿತು ಎಂಬುದರಿಂದ, ಸಿಗದೆ ಉಳಿದವುಗಳನ್ನೂ ಅಂದಾಜಿಸಬಹುದು.

ಆದರೆ ಹಸು ಕಳಕೊಂಡವನಿಗೆ ಈ ಲೆಕ್ಕದಿಂದ ಏನಾಗಬೇಕು? ಈ ಪ್ರಶ್ನೆಗೆ ಸಂಸ್ಥೆ ಕಿವಿಗೊಟ್ಟದ್ದು ತಡವಾಗಿ ಅನ್ನಿಸುತ್ತದೆ ನನಗೆ. 2015ರಲ್ಲಿ ಮಗಳು ಕೃತಿ ಕಾರಂತರ ಮುಂದಾಳತ್ವದಲ್ಲಿ ‘ವೈಲ್ಡ್ ಸೇವೆ’ ಶುರುವಾಯಿತು. ಬಂಡೀಪುರ, ನಾಗರಹೊಳೆಯ ಅಂಚಿನ ಹಳ್ಳಿಯವರು ಫೋನ್ ಮಾಡಿದರೆ ಕಾರ್ಯಕರ್ತರು ಬಂದು ಹಾನಿ ದಾಖಲಿಸಿ, ಸರ್ಕಾರದ ಪರಿಹಾರಕ್ಕೆ ಅರ್ಜಿ ಹಾಕಲು ನೆರವಾಗುತ್ತಾರೆ. ಹುಲಿಗಿದ್ದಂತೆ, ಆನೆ ತುಳಿದ ಹೊಲಕ್ಕೂ ಈಗ ಕಡತವಿದೆ.