ರದ್ದಿಗೆ ಹೋಗದೆ ಉಳಿದ ಕಾಗದಗಳು

ಎಂಟನೆಯ ತರಗತಿಯ ಚರಿತ್ರೆಯಲ್ಲಿ ಮೊದಲ ಪಾಠ ಆಧಾರಗಳನ್ನು ಕುರಿತದ್ದು. ಶಾಸನ, ನಾಣ್ಯ, ಸ್ಮಾರಕ, ವಿದೇಶೀ ಪ್ರವಾಸಿಗರ ಬರಹ ಎಂದು ಕಪ್ಪುಹಲಗೆಯ ಮೇಲೆ ಬರೆದು ನಿಮ್ಮಿಂದ ಬಾಯಿಪಾಠ ಮಾಡಿಸಿದ್ದು ನನ್ನ ವಿದ್ಯಾರ್ಥಿಗಳಾಗಿದ್ದವರಿಗೆ ನೆನಪಿರಬಹುದು. ಅವುಗಳಲ್ಲಿ ಹೆಚ್ಚಿನವು ಉಳಿಯಲೆಂದೇ ನಿರ್ಮಾಣವಾದವು. ದಾನಶಾಸನವನ್ನು ಕಲ್ಲಿನಲ್ಲಿ ಕೊರೆಸಿದವನು ಅದು ಸೂರ್ಯಚಂದ್ರರಿರುವವರೆಗೂ ನಿಲ್ಲಲಿ ಎಂದೇ ಬಯಸಿದ್ದನು. ಇಂದು ನಾನು ಬರೆಯಹೊರಟಿರುವುದು ಅದಕ್ಕೆ ತೀರ ವಿರುದ್ಧವಾದ ಆಧಾರವೊಂದರ ವಿಷಯ. ಒಂದು ಮಧ್ಯಾಹ್ನದ ಎರಡು ಗಂಟೆಗಳ ಕಾಲ ಬಾಳಿ, ಬಳಿಕ ಕಾಲ್ತುಳಿತಕ್ಕೆ ಸಿಕ್ಕಿ ಹಾಳಾಗಬೇಕಿದ್ದ ಕಾಗದ ಅದು: ಇಂಗ್ಲೆಂಡಿನ ಫುಟ್‌ಬಾಲ್ ಮೈದಾನಗಳ ಬಾಗಿಲಲ್ಲಿ ಮಾರಾಟವಾಗುತ್ತಿದ್ದ ಪ್ರೋಗ್ರಾಂ.

ನಮ್ಮಲ್ಲಿ ಟೆಂಟ್ ಸಿನಿಮಾದ ಕಾಲದಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕವನ್ನು ಕಂಡವರಿಗೆ ಇದರ ಸ್ವರೂಪವನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಮೊದಲಿಗೆ, ಎಂದರೆ 1870 ಮತ್ತು 1880ರ ದಶಕಗಳಲ್ಲಿ, ಅದು ಎರಡು ತಂಡಗಳ ಆಟಗಾರರ ಹೆಸರುಗಳಿದ್ದ ಒಂದೇ ಹಾಳೆ. ಬರಬರುತ್ತಾ ಅದು ನಾಲ್ಕು, ಎಂಟು, ಹದಿನಾರು ಪುಟಗಳ ಪುಸ್ತಿಕೆಯಾಯಿತು. ಬಿಯರ್, ತಂಬಾಕು, ದರ್ಜಿ ಅಂಗಡಿಗಳ ಜಾಹೀರಾತುಗಳು ತುಂಬಿಕೊಂಡವು. ಲಿವರ್‌ಪೂಲ್ ನಗರದಲ್ಲಿ ಬದ್ಧ ಪ್ರತಿಸ್ಪರ್ಧಿಗಳಾದ ಎವರ್ಟನ್ ಮತ್ತು ಲಿವರ್‌ಪೂಲ್ ಕ್ಲಬ್ಬುಗಳು 1904ರಿಂದ 1935ರವರೆಗೆ ಒಂದೇ ಜಂಟಿ ಪುಸ್ತಿಕೆಯನ್ನು ಹೊರಡಿಸುತ್ತಿದ್ದವು ಎಂದರೆ ಇಂದಿನ ಅಭಿಮಾನಿಗಳು ನಂಬಲಾರರು. ಒಂದು ಕ್ಲಬ್ಬಿನ ಮುಖ್ಯ ತಂಡ ಊರಿನಲ್ಲಿ ಆಡುವ ದಿನ ಇನ್ನೊಂದರ ಮೀಸಲು ತಂಡ ತನ್ನ ಮೈದಾನದಲ್ಲಿ ಆಡುತ್ತಿತ್ತು; ಎರಡಕ್ಕೂ ಒಂದೇ ಪುಸ್ತಿಕೆ ಸಾಕಾಗುತ್ತಿತ್ತು.

ಪ್ರೇಕ್ಷಕನು ಅದನ್ನು ಕೊಳ್ಳುತ್ತಿದ್ದುದು ಸಂಗ್ರಹಕ್ಕಾಗಿ ಅಲ್ಲ, ಅಗತ್ಯಕ್ಕಾಗಿ. ಆಟಗಾರರ ಅಂಗಿಯ ಬೆನ್ನಿಗೆ ಸಂಖ್ಯೆ ಇರಬೇಕೆಂಬ ನಿಯಮವನ್ನು ಇಂಗ್ಲಿಷ್ ಲೀಗ್ ಮಾಡಿದ್ದೇ 1939ರಲ್ಲಿ. ಅದಕ್ಕೆ ಮೊದಲು ಯಾರು ಯಾರೆಂದು ತಿಳಿಯಬೇಕಾದರೆ ಪುಸ್ತಿಕೆಯ ನಡುಪುಟವನ್ನು ನೋಡಬೇಕಿತ್ತು. ಅಲ್ಲಿ ಹೆಸರುಗಳನ್ನು ಮೈದಾನದಲ್ಲಿ ನಿಲ್ಲುವ ಕ್ರಮದಲ್ಲಿಯೇ ಅಚ್ಚು ಹಾಕಿರುತ್ತಿದ್ದರು: ಹಿಂದೆ ಗೋಲ್‌ಕೀಪರ್, ಅವನ ಮುಂದೆ ಇಬ್ಬರು, ಬಳಿಕ ಮೂವರು, ಎದುರಿಗೆ ಐವರು. ಇನ್ನೊಂದು ಉಪಾಯ ನನಗೆ ಬಹಳ ಮೆಚ್ಚುಗೆಯಾದದ್ದು. ವಿರಾಮದ ವೇಳೆಯಲ್ಲಿ ಬೇರೆ ಊರುಗಳ ಪಂದ್ಯಗಳ ಸ್ಥಿತಿಯನ್ನು ಮೈದಾನದ ಹಲಗೆಯ ಮೇಲೆ ತೋರಿಸುತ್ತಿದ್ದರಷ್ಟೆ. ಆದರೆ ಅಲ್ಲಿ ಊರುಗಳ ಹೆಸರಿರುತ್ತಿರಲಿಲ್ಲ, ಎ, ಬಿ, ಸಿ ಎಂಬ ಅಕ್ಷರಗಳು ಮಾತ್ರ. ಯಾವ ಅಕ್ಷರಕ್ಕೆ ಯಾವ ಪಂದ್ಯವೆಂಬುದು ಪುಸ್ತಿಕೆಯಲ್ಲಿ ಮಾತ್ರ ಇತ್ತು. ಕಾಸು ಕೊಟ್ಟು ಕೊಳ್ಳದವನು ಪಕ್ಕದವನ ಹೆಗಲ ಮೇಲಿಂದ ಇಣುಕಬೇಕಿತ್ತು.

ಆಟ ಮುಗಿದೊಡನೆ ಈ ಕಾಗದಕ್ಕೆ ಬೆಲೆ ಇಲ್ಲ. ಅದನ್ನು ಮನೆಗೆ ಒಯ್ದವರೂ ಹೆಚ್ಚು ಕಾಲ ಇಟ್ಟುಕೊಳ್ಳಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನಲ್ಲಿ ಕಾಗದಕ್ಕೂ ನಿಯಂತ್ರಣ ಬಂದಿತು. ಮನೆಮನೆಯ ಹಳೆಯ ಕಾಗದವನ್ನು ಯುದ್ಧಕಾರ್ಯಕ್ಕೆಂದು ಸಂಗ್ರಹಿಸಿದರು. ಹಳೆಯವು ಹೀಗೆ ಹೋದವು, ಹೊಸವು ಒಂದು ಹಾಳೆಗೆ ಇಳಿದವು. ಆ ಒಂದು ಹಾಳೆಯನ್ನೂ ಪೂರ್ತಿ ನಂಬುವಂತಿರಲಿಲ್ಲ. ಲೀಗ್ ಪಂದ್ಯಾವಳಿ ನಿಂತು ಪ್ರಾದೇಶಿಕ ಪಂದ್ಯಗಳು ನಡೆಯುತ್ತಿದ್ದ ಆ ವರ್ಷಗಳಲ್ಲಿ, ಹತ್ತಿರದ ಸೇನಾ ಶಿಬಿರದಲ್ಲಿದ್ದ ಯಾವ ಕ್ಲಬ್ಬಿನ ಆಟಗಾರನಾದರೂ ಅತಿಥಿಯಾಗಿ ಆಡಬಹುದಿತ್ತು. ಅಚ್ಚಾದ ಹೆಸರು ಒಂದು, ಆಡಿದವನು ಇನ್ನೊಬ್ಬ. ಪ್ರೇಕ್ಷಕರು ಅಚ್ಚಾದ ಹೆಸರನ್ನು ಹೊಡೆದುಹಾಕಿ, ನಿಜವಾಗಿ ಆಡಿದವನ ಹೆಸರನ್ನು ಪೆನ್ಸಿಲ್ಲಿನಲ್ಲಿ ಬರೆದುಕೊಳ್ಳುತ್ತಿದ್ದರು. ಈ ಪೆನ್ಸಿಲ್ ಗುರುತುಗಳ ಮಾತನ್ನು ಸ್ವಲ್ಪ ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಯುದ್ಧ ಮುಗಿದ ಮೇಲೆ ಜನ ಮೈದಾನಗಳಿಗೆ ನುಗ್ಗಿದರು. 1948-49ರ ಋತುವಿನಲ್ಲಿ ಇಂಗ್ಲಿಷ್ ಲೀಗ್ ಪಂದ್ಯಗಳನ್ನು ನೋಡಿದವರ ಒಟ್ಟು ಸಂಖ್ಯೆ 4 ಕೋಟಿ 12 ಲಕ್ಷಕ್ಕೂ ಹೆಚ್ಚು; ಅಲ್ಲಿಯವರೆಗೆ ಅಷ್ಟು ಜನ ಎಂದೂ ಬಂದಿರಲಿಲ್ಲ. ಅವರೊಡನೆ ಬಂದ ಹುಡುಗರ ಕಾಲದಲ್ಲಿ ಈ ಹವ್ಯಾಸ ಬೇರುಬಿಟ್ಟು ಹರಡಿತು. ಅಂಚೆಚೀಟಿ, ಸಿಗರೇಟು ಪೆಟ್ಟಿಗೆಯ ಚಿತ್ರಗಳು, ರೈಲು ಎಂಜಿನ್ನಿನ ಸಂಖ್ಯೆಗಳು, ಇವುಗಳ ಸಾಲಿಗೆ ಫುಟ್‌ಬಾಲ್ ಪ್ರೋಗ್ರಾಂ ಕೂಡ ಸೇರಿತು.

ಈ ವಿಷಯದಲ್ಲಿ ನನಗೆ ಆಸಕ್ತಿ ಹುಟ್ಟಿದ್ದು ಮ್ಯಾಂಚೆಸ್ಟರಿನಲ್ಲಿ ಮಗಳ ಮನೆಯಲ್ಲಿದ್ದ ಬೇಸಿಗೆಯಲ್ಲಿ. ಹಳೆಯ ಪುಸ್ತಕದ ಅಂಗಡಿಯಲ್ಲಿ ನನ್ನಂತೆಯೇ ನಿವೃತ್ತರಾದ, ರೈಲ್ವೆಯಲ್ಲಿದ್ದ ಹಿರಿಯರೊಬ್ಬರ ಪರಿಚಯವಾಯಿತು. ಚರಿತ್ರೆಯ ಮೇಷ್ಟರು ಎಂದು ತಿಳಿದೊಡನೆ ಅವರು ಮನೆಗೆ ಕರೆದೊಯ್ದು ಬೂಟಿನ ಪೆಟ್ಟಿಗೆಗಳಲ್ಲಿ ವರ್ಷವಾರು ಜೋಡಿಸಿದ್ದ ಪುಸ್ತಿಕೆಗಳನ್ನು ತೋರಿಸಿದರು. ಅವರು ಹನ್ನೆರಡರ ವಯಸ್ಸಿನಲ್ಲಿ ಶುರುಮಾಡಿದಾಗ ಇದರಲ್ಲಿ ಹಣದ ಮಾತೇ ಇರಲಿಲ್ಲವಂತೆ. ಚಾರ್ಲ್ಸ್ ಬುಕನ್ ಎಂಬ ಹಳೆಯ ಆಟಗಾರರ ಹೆಸರಿನಲ್ಲಿ 1951ರಿಂದ ಹೊರಡುತ್ತಿದ್ದ 'ಫುಟ್‌ಬಾಲ್ ಮಂತ್ಲಿ' ಮೊದಲಾದ ಪತ್ರಿಕೆಗಳ ಮೂಲಕ ದೂರದೂರಿನ ಹುಡುಗರು ಪತ್ರಮಿತ್ರರಾಗುತ್ತಿದ್ದರು. ನಿನ್ನ ಊರಿನದು ಹತ್ತು ಕಳಿಸು, ನನ್ನ ಊರಿನದು ಹತ್ತು ಕಳಿಸುತ್ತೇನೆ: ಇಷ್ಟೇ ಒಪ್ಪಂದ. ಕ್ಲಬ್ಬಿನ ಕಾರ್ಯದರ್ಶಿಗೆ ಪತ್ರ ಬರೆದು, ತನ್ನ ವಿಳಾಸವಿದ್ದ, ಅಂಚೆಚೀಟಿ ಹಚ್ಚಿದ ಲಕೋಟೆಯನ್ನೂ ಒಳಗಿಟ್ಟು ಕಳಿಸಿದರೆ, ಉಳಿದಿದ್ದ ಒಂದೆರಡು ಪ್ರತಿಗಳು ಬಂದರೂ ಬರಬಹುದಿತ್ತು. ಬೆಳಿಗ್ಗೆ ಅಂಚೆಯವನು ಬರುವ ಹೊತ್ತಿಗೆ ಬಾಗಿಲ ಬಳಿ ಕುಳಿತಿರುತ್ತಿದ್ದುದನ್ನು ಹೇಳುವಾಗ ಆ ಹಿರಿಯರ ಮುಖ ನೋಡುವಂತಿತ್ತು.

ವ್ಯಾಪಾರ ಬಂದದ್ದು ಆ ಬಳಿಕ. ಹುಡುಗರು ದೊಡ್ಡವರಾಗಿ ಕೈಯಲ್ಲಿ ಸಂಬಳ ಬಂದಾಗ, ವಿನಿಮಯದಿಂದ ಸಿಗದಿದ್ದುದನ್ನು ಕೊಳ್ಳಲು ಸಿದ್ಧರಾದರು. 1960ರ ದಶಕದಲ್ಲಿ, ಬೇರೆ ಉದ್ಯೋಗದಲ್ಲಿದ್ದುಕೊಂಡೇ ಸಂಜೆ ವೇಳೆ ಮನೆಯಿಂದ ಈ ವ್ಯಾಪಾರ ನಡೆಸುವವರು ಕಾಣಿಸಿಕೊಂಡರು. ಅವರ ಬಂಡವಾಳವೆಂದರೆ ಒಂದು ಕೋಣೆ, ಒಂದು ಟೈಪ್‌ರೈಟರ್, ಮತ್ತು ನಾವು ಕಿರುಪರೀಕ್ಷೆಯ ಪ್ರಶ್ನೆಪತ್ರಿಕೆಗಳಿಗೆ ಬಳಸುತ್ತಿದ್ದಂಥ ಸೈಕ್ಲೋಸ್ಟೈಲ್ ಯಂತ್ರ. ಯಾವ ಋತು, ಯಾರ ವಿರುದ್ಧ, ಎಷ್ಟು ಬೆಲೆ ಎಂದು ಪಟ್ಟಿ ಮಾಡಿ ಅಂಚೆಯಲ್ಲಿ ಕಳಿಸುತ್ತಿದ್ದರು. ಗ್ರಾಹಕರು ಪೋಸ್ಟಲ್ ಆರ್ಡರ್ ಕಳಿಸುತ್ತಿದ್ದರು. ಅಭಿಮಾನಿ ಸಂಘಗಳು ಕೂಡ ಪಂದ್ಯದ ದಿನ ಮೈದಾನದ ಪಕ್ಕದ ಗುಡಿಸಲಂಥ ಮಳಿಗೆಗಳಲ್ಲಿ ಹಳೆಯ ಪ್ರತಿಗಳನ್ನು ಮಾರತೊಡಗಿದವು.

ಹಳಬರಿಗೆ ಇದು ಸರಿಬೀಳಲಿಲ್ಲ. ಮೂರೋ ನಾಲ್ಕೋ ಪೆನ್ನಿ ಎಂದು ಮುಖಪುಟದ ಮೇಲೆ ಬೆಲೆ ಅಚ್ಚಾಗಿರುವಾಗ ಅದಕ್ಕೆ ಹತ್ತು ಪಾಲು ಕೇಳುವುದು ಅಧರ್ಮವೆಂದು ಅವರ ವಾದ. ನನ್ನ ಆ ರೈಲ್ವೆ ಮಿತ್ರರ ದನಿಯಲ್ಲಿಯೂ ಆ ಅಸಮಾಧಾನ ಇನ್ನೂ ಉಳಿದಿತ್ತು. ನಾನು ಅವರ ಮಾತನ್ನು ಒಪ್ಪಲಾರೆ. ಬೆಲೆಯಿಲ್ಲದ ಕಾಗದದ ಗತಿ ಏನೆಂಬುದನ್ನು ನಮ್ಮ ಮನೆಗಳಲ್ಲಿ ಯುಗಾದಿಗೆ ಮೊದಲು ಸುಣ್ಣಬಣ್ಣ ಮಾಡುವಾಗ ನೋಡಿದ್ದೇವೆ. ಯಜಮಾನ ತೀರಿಕೊಂಡ ಮೇಲೆ ಅಟ್ಟದ ಮೇಲಿನ ಕಾಗದದ ಕಟ್ಟನ್ನು ಮನೆಯವರು ಒಲೆಗೆ ಹಾಕದೆ ಇರಬೇಕಾದರೆ, ಅದಕ್ಕೆ ನಾಲ್ಕು ಕಾಸು ಹುಟ್ಟುತ್ತದೆ ಎಂಬ ಸುದ್ದಿ ಅವರ ಕಿವಿಗೆ ಬಿದ್ದಿರಬೇಕು. ಎರಡನೆಯದಾಗಿ, ವ್ಯಾಪಾರಿಗಳ ಆ ಮಸುಕು ಮಸುಕಾದ ಪಟ್ಟಿಗಳಿಂದಲೇ ಏನೇನು ಅಚ್ಚಾಗಿತ್ತು ಎಂಬ ಲೆಕ್ಕ ಎಷ್ಟೋ ಜನ ಸಂಗ್ರಾಹಕರಿಗೆ ದೊರಕಿತು. ಉದಾಹರಣೆಗೆ 1962-63ರ ಭೀಕರ ಚಳಿಗಾಲವನ್ನು ತೆಗೆದುಕೊಳ್ಳಿ. ಹಿಮದಿಂದಾಗಿ ಎಫ್.ಎ. ಕಪ್ಪಿನ ಮೂರನೆಯ ಸುತ್ತು ಒಂದೇ ಮುಗಿಯಲು 66 ದಿನಗಳು ಹಿಡಿದವು. ಪುಸ್ತಿಕೆ ಅಚ್ಚಾದ ಮೇಲೆ ಪಂದ್ಯ ಮುಂದೂಡಲ್ಪಟ್ಟರೆ, ನಡೆಯದ ಪಂದ್ಯಕ್ಕೂ ಒಂದು ದಾಖಲೆ ಉಳಿದಂತಾಯಿತು.

ಆದರೆ ಬೆಲೆ ಬಂದಲ್ಲಿ ಅದರ ನಿಯಮಗಳೂ ಬರುತ್ತವೆ. ಮಡಿಕೆ ಬಿದ್ದಿದ್ದರೆ ಬೆಲೆ ಕಡಿಮೆ. ಪಿನ್ನು ತುಕ್ಕು ಹಿಡಿದಿದ್ದರೆ ಕಡಿಮೆ. ಮ್ಯಾಂಚೆಸ್ಟರ್ ಯುನೈಟೆಡ್‌ನಂಥ ಕ್ಲಬ್ಬುಗಳು ಪುಸ್ತಿಕೆಯಲ್ಲಿ ಒಂದು ಚೀಟಿಯನ್ನು ಅಚ್ಚು ಹಾಕುತ್ತಿದ್ದವು. ಅವನ್ನು ಕತ್ತರಿಸಿ ಹಾಳೆಯ ಮೇಲೆ ಅಂಟಿಸಿ ಒಪ್ಪಿಸಿದವರಿಗೆ ದೊಡ್ಡ ಪಂದ್ಯಗಳ ಟಿಕೇಟಿನಲ್ಲಿ ಆದ್ಯತೆ. ಚೀಟಿ ಕತ್ತರಿಸಿದ ಪುಸ್ತಿಕೆ ವ್ಯಾಪಾರಿಯ ಕಣ್ಣಿಗೆ ಅಂಗಹೀನ. ಪೆನ್ಸಿಲ್ ಗುರುತುಗಳಿದ್ದರಂತೂ ದೋಷವೇ ಸರಿ. ಅಚ್ಚುಕಟ್ಟಾದ ಪ್ರತಿ ಎಂದರೆ ಯಾರೂ ಬಳಸದ ಪ್ರತಿ ಎಂದಾಯಿತು! ಚರಿತ್ರೆಯ ಮೇಷ್ಟರಿಗೆ ಇದು ವಿಚಿತ್ರವಾಗಿ ತೋರುತ್ತದೆ. ಅಚ್ಚಾದ ಹನ್ನೊಂದು ಹೆಸರುಗಳು ಬರಿಯ ಉದ್ದೇಶ. ಅಂಚಿನಲ್ಲಿ ಗೀಚಿದ್ದು ನಡೆದ ಸಂಗತಿ.

ಇದು ಎಷ್ಟು ದೊಡ್ಡ ಮಾತೆಂಬುದು ನನಗೆ ಮನವರಿಕೆಯಾದದ್ದು ಆ ಹಿರಿಯರು ತೆರೆದು ತೋರಿಸಿದ ಒಂದು ಪುಸ್ತಿಕೆಯಿಂದ. ಅದರ ದಿನಾಂಕ 1958ರ ಫೆಬ್ರುವರಿ 19. ಅದಕ್ಕೆ ಹದಿಮೂರು ದಿನ ಮೊದಲು, ಫೆಬ್ರುವರಿ 6ರಂದು, ಬೆಲ್‌ಗ್ರೇಡಿನಲ್ಲಿ ಆಡಿ ಹಿಂದಿರುಗುತ್ತಿದ್ದ ಮ್ಯಾಂಚೆಸ್ಟರ್ ಯುನೈಟೆಡ್ ತಂಡದ ವಿಮಾನ ಮ್ಯೂನಿಕ್ಕಿನಲ್ಲಿ ಮೇಲೇರಲಾರದೆ ಅಪಘಾತಕ್ಕೀಡಾಗಿತ್ತು. ಆ ದುರಂತದಲ್ಲಿ ಸತ್ತವರು ಒಟ್ಟು 23 ಮಂದಿ, ಅವರಲ್ಲಿ ಆಟಗಾರರೇ 8. ಫೆಬ್ರುವರಿ 8ರಂದು ಊರಿನಲ್ಲಿ ವುಲ್ವರ್‌ಹ್ಯಾಂಪ್ಟನ್ ವಾಂಡರರ್ಸ್ ವಿರುದ್ಧ ನಡೆಯಬೇಕಿದ್ದ ಪಂದ್ಯ ನಿಂತುಹೋಯಿತು. ಅದಕ್ಕೆಂದು ಅಚ್ಚಾಗಿದ್ದ ಪುಸ್ತಿಕೆಗಳಲ್ಲಿ ಬಹುಪಾಲು ನಾಶವಾದವು. ಕೈಬೆರಳೆಣಿಕೆಯಷ್ಟು ಉಳಿದು ಇಂದು ಸಂಗ್ರಾಹಕರ ಕನಸಿನ ವಸ್ತುಗಳಾಗಿವೆ. ಮುಂದಿನ ಪಂದ್ಯ ಫೆಬ್ರುವರಿ 19ರಂದು, ಶೆಫೀಲ್ಡ್ ವೆನ್ಸ್‌ಡೇ ವಿರುದ್ಧ. ಅಚ್ಚು ಹಾಕುವ ಹೊತ್ತಿಗೆ ತಂಡದಲ್ಲಿ ಯಾರಿರುತ್ತಾರೆಂದು ಹೇಳಬಲ್ಲವರು ಯಾರೂ ಇರಲಿಲ್ಲ. ಆದ್ದರಿಂದ ನಡುಪುಟದಲ್ಲಿ ಶೆಫೀಲ್ಡಿನ ಹನ್ನೊಂದು ಹೆಸರುಗಳು. ಯುನೈಟೆಡ್ ಕಡೆಗೆ ಹನ್ನೊಂದು ಖಾಲಿ ಜಾಗಗಳು.

ಸುಮಾರು 60,000 ಜನ ಆ ಸಂಜೆ ಮೈದಾನದಲ್ಲಿದ್ದರು. ಧ್ವನಿವರ್ಧಕದಲ್ಲಿ ಹೆಸರುಗಳನ್ನು ಓದುತ್ತಿದ್ದಂತೆ ಅನೇಕರು ಆ ಖಾಲಿ ಜಾಗಗಳಲ್ಲಿ ಬರೆದುಕೊಂಡರು. ದುರಂತದಿಂದ ಪಾರಾಗಿ ಬಂದ ಗೋಲ್‌ಕೀಪರ್ ಹ್ಯಾರಿ ಗ್ರೆಗ್, ನಾಯಕ ಬಿಲ್ ಫೋಕ್ಸ್. ಆಟ ಆರಂಭವಾಗುವುದಕ್ಕೆ ಒಂದು ಗಂಟೆಗೆ ತುಸು ಮೊದಲು ಬೇರೆ ಕ್ಲಬ್ಬಿನಿಂದ ಸೇರಿಕೊಂಡ ಸ್ಟ್ಯಾನ್ ಕ್ರೌದರ್. ಮೊದಲ ಬಾರಿಗೆ ಆಡುತ್ತಿದ್ದು ಎರಡು ಗೋಲು ಹೊಡೆದ ಶೇ ಬ್ರೆನನ್. ಯುನೈಟೆಡ್ 3-0ಯಿಂದ ಗೆದ್ದಿತು. ಆಸ್ಪತ್ರೆಯಲ್ಲಿ ಇನ್ನೂ ಹೋರಾಡುತ್ತಿದ್ದ ಡಂಕನ್ ಎಡ್ವರ್ಡ್ಸ್, 21 ವರ್ಷದ ತರುಣ, ಎರಡು ದಿನಗಳ ನಂತರ ತೀರಿಕೊಂಡನು. ನಾನು ನೋಡಿದ ಪ್ರತಿಯಲ್ಲಿ ಹನ್ನೊಂದು ಹೆಸರುಗಳೂ ನೀಲಿ ಶಾಯಿಯಲ್ಲಿ ಇದ್ದವು. ಆ ಹಿರಿಯರ ತಂದೆಯ ಅಕ್ಷರ. ಒಂದೆರಡು ಹೆಸರುಗಳ ಕಾಗುಣಿತ ತಪ್ಪಿತ್ತು, ಅದುವರೆಗೆ ಅವನ್ನು ಕೇಳಿದ್ದವರೇ ಕಡಿಮೆ ನೋಡಿ. ವ್ಯಾಪಾರದ ಸಾಮಾನ್ಯ ನಿಯಮದಂತೆ ಬರಹವಿರುವ ಆ ಪ್ರತಿಗೆ ಖಾಲಿ ಪ್ರತಿಗಿಂತ ಕಡಿಮೆ ಬೆಲೆ. ಮಾರುವುದಿಲ್ಲ ಎಂದು ಅವರು ನಾನು ಕೇಳದೆಯೇ ಹೇಳಿದರು.

ಕಳ್ಳ ಅಚ್ಚಿನ ವಿಷಯವನ್ನೂ ಹೇಳಿಬಿಡಬೇಕು. ದೊಡ್ಡ ಪಂದ್ಯಗಳ ದಿನ ಅನುಮತಿಯಿಲ್ಲದೆ ಅಚ್ಚು ಹಾಕಿದ ಹಾಳೆಗಳನ್ನು ಬೀದಿಯಲ್ಲಿ ಮಾರುವ ದಂಧೆ ಬಹಳ ಹಳೆಯದು. ತಮಾಷೆಯೆಂದರೆ, ಕಾಲ ಕಳೆದಂತೆ ಅವನ್ನೂ ಆಸೆಪಟ್ಟು ಸಂಗ್ರಹಿಸುವವರು ಹುಟ್ಟಿಕೊಂಡರು. 1966ರ ಜುಲೈ 30ರ ವಿಶ್ವಕಪ್ ಅಂತಿಮ ಪಂದ್ಯದ ಪುಸ್ತಿಕೆಯ ಕಥೆ ಬೇರೆ. ಎರಡೂವರೆ ಷಿಲಿಂಗಿನ ಅದನ್ನು ಮುಂದೆ ಮರುಮುದ್ರಿಸಿದ್ದರಿಂದ, ಕೊಳ್ಳುವವನು ಕಾಗದವನ್ನು ಬೆರಳಲ್ಲಿ ಹಿಡಿದು ಅದರ ದಪ್ಪ ನೋಡಬೇಕಾಯಿತು. ಕ್ಲಬ್ಬುಗಳಿಗೇ ಬೇಡವಾಗಿದ್ದ ವಸ್ತುವಿಗೆ ನಕಲಿನ ಭಯ!

ನಮ್ಮವರ ಹೆಸರೂ ಅಲ್ಲಿಯ ಚರಿತ್ರೆಯಲ್ಲಿ ಒಮ್ಮೆ ಬಂದಿದೆ. 1948ರ ಒಲಿಂಪಿಕ್ಸ್‌ನಲ್ಲಿ ಜುಲೈ 31ರಂದು ಲಂಡನ್ ಬಳಿಯ ಇಲ್‌ಫರ್ಡಿನಲ್ಲಿ ಸ್ವತಂತ್ರ ಭಾರತದ ತಂಡ ಫ್ರಾನ್ಸಿನ ವಿರುದ್ಧ ಆಡಿ 1-2ರಿಂದ ಸೋತಿತು. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿದ್ದರು. ಬೆಂಗಳೂರಿನ ಅಹಮದ್ ಖಾನ್ ಆ ತಂಡದಲ್ಲಿದ್ದರು; ಭಾರತದ ಏಕೈಕ ಗೋಲು ಸಾರಂಗಪಾಣಿ ರಾಮನ್ ಅವರದು. ಆ ದಿನ ಅಲ್ಲಿದ್ದ ಇಂಗ್ಲಿಷ್ ಹುಡುಗನೊಬ್ಬ ಈ ಹೆಸರುಗಳನ್ನು ಯಾವುದಾದರೂ ಕಾಗದದ ಅಂಚಿನಲ್ಲಿ ಹೇಗೆ ಬರೆದುಕೊಂಡಿರಬಹುದು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

1882ರ ಮಾರ್ಚ್ 25ರಂದು ಲಂಡನ್ನಿನ ಕೆನ್ನಿಂಗ್ಟನ್ ಓವಲ್‌ನಲ್ಲಿ, ಈಗ ಕ್ರಿಕೆಟ್ಟಿಗೆ ಪ್ರಸಿದ್ಧವಾದ ಮೈದಾನದಲ್ಲಿ, ಎಫ್.ಎ. ಕಪ್ಪಿನ ಅಂತಿಮ ಪಂದ್ಯ ನಡೆಯಿತು. ಓಲ್ಡ್ ಎಟೋನಿಯನ್ಸ್ ಎಂಬ ಶ್ರೀಮಂತ ಶಾಲೆಯ ಹಳೆಯ ವಿದ್ಯಾರ್ಥಿಗಳ ತಂಡ ಬ್ಲ್ಯಾಕ್‌ಬರ್ನ್ ರೋವರ್ಸ್ ತಂಡವನ್ನು 1-0ಯಿಂದ ಸೋಲಿಸಿತು. ಆ ಪಂದ್ಯದ ಒಂದು ಪ್ರೋಗ್ರಾಂ 2013ರಲ್ಲಿ ಸದಬೀಸ್ ಹರಾಜಿನಲ್ಲಿ 35,250 ಪೌಂಡುಗಳಿಗೆ ಹೋಯಿತು. ಅಷ್ಟು ಹಣ ಕೊಟ್ಟು ಕೊಂಡದ್ದರ ಔಚಿತ್ಯವನ್ನು ನಾನು ಚರ್ಚಿಸುವುದಿಲ್ಲ. ನನ್ನ ಪಿಂಚಣಿಯಲ್ಲಿ ಆ ಪ್ರಶ್ನೆ ಏಳುವುದಿಲ್ಲ. 131 ವರ್ಷಗಳ ಕಾಲ ಒಂದು ತುಂಡು ಕಾಗದ ಎಷ್ಟು ಕೈ ದಾಟಿ, ಎಷ್ಟು ಒಲೆಗಳಿಂದ ತಪ್ಪಿಸಿಕೊಂಡು ಬಂದಿರಬೇಕು ಎಂಬುದೇ ನನಗೆ ಸೋಜಿಗ.

2018ರಲ್ಲಿ, ಪ್ರೀಮಿಯರ್ ಲೀಗಿನ ಕೆಳಗಿನ ಮೂರು ವಿಭಾಗಗಳ ಕ್ಲಬ್ಬುಗಳು ಪ್ರೋಗ್ರಾಂ ಹೊರಡಿಸುವುದು ಇನ್ನು ಕಡ್ಡಾಯವಲ್ಲವೆಂದು ಮತ ಹಾಕಿ ತೀರ್ಮಾನಿಸಿದವು. ತಂಡಗಳ ಪಟ್ಟಿ ಎಲ್ಲರ ಮೊಬೈಲಿನಲ್ಲೂ ಬರುವಾಗ ಅಚ್ಚಿನ ಖರ್ಚು ಏಕೆ ಎಂಬುದು ಅವರ ಲೆಕ್ಕ. ಆದರೂ ಹಲವು ಕ್ಲಬ್ಬುಗಳು ಅದನ್ನು ಬಿಡಲಿಲ್ಲ. ಕೆಲವು ತಿಂಗಳ ಹಿಂದೆ ಮಗಳು ಫೋನು ಮಾಡಿ, ಮೊಮ್ಮಗ ಪಂದ್ಯಕ್ಕೆ ಹೋಗಿ ಪುಸ್ತಿಕೆಯೊಂದನ್ನು ತಂದಿದ್ದಾನೆ, ಗೋಲು ಹೊಡೆದವರ ಹೆಸರನ್ನೆಲ್ಲ ಅದರ ಮೇಲೆಯೇ ಗೀಚಿ ಹಾಳುಮಾಡಿದ್ದಾನೆ ಎಂದಳು. ಅಳಿಸಬೇಡ, ಪಿನ್ನಿಗೆ ತೇವ ತಾಗದ ಜಾಗದಲ್ಲಿ ಎತ್ತಿಡು ಎಂದು ಹೇಳಿದ್ದೇನೆ.