ಅಟ್ಟದ ಮೇಲಿನ ಪತ್ರಿಕೆಗಳು

ಸುವರ್ಣ ಮಹೋತ್ಸವದ ಸಂಚಿಕೆಗೆ ಏನಾದರೂ ಬರೆದುಕೊಡು ಎಂದು ನಮ್ಮ ಸಮಾಜ ಮಾಸ್ಟ್ರು ಫೋನು ಮಾಡಿದಾಗ, ನಾನು ಕಂಪ್ಯೂಟರಿನ ವಿಷಯ ಬರೆಯುತ್ತೇನೆಂದು ಅವರು ಎಣಿಸಿರಬೇಕು. ಬಿ.ಇ. ಮುಗಿಸಿ ಮಣಿಪಾಲದಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವನಿಂದ ಬೇರೇನು ನಿರೀಕ್ಷಿಸುವುದು? ಆದರೆ ನನಗೆ ಬರೆಯಬೇಕಾದದ್ದು ಒಂದು ತಪ್ಪಿನ ಬಗ್ಗೆ.

ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ನಮ್ಮ ಹಳೇ ಮನೆಯ ಅಟ್ಟ ಖಾಲಿ ಮಾಡಿದರು. ಹಗ್ಗ ಕಟ್ಟಿದ ಹಳೆಯ ಪತ್ರಿಕೆಗಳ ಎರಡು ಕಟ್ಟು ಸಿಕ್ಕಿತು. ಮಳೆಗಾಲ, ಸೌದೆ ಒದ್ದೆ. ಬಚ್ಚಲೊಲೆಗೆ ಒಂದು ವಾರ ಚೆನ್ನಾಗಿ ಉರಿಯಿತು. ಹಾಕಿದವನು ನಾನೇ. ಈಗ ಉಳಿದಿರುವುದು ಅಜ್ಜಿಯ ಟ್ರಂಕಿನ ಒಳಮೈಗೆ ಅಂಟಿಸಿದ ಒಂದೂವರೆ ಹಾಳೆ. ಅದರ ಮೇಲೆ 'ರಾಷ್ಟ್ರಬಂಧು' ಎಂಬ ಹೆಸರು ಕಾಣುತ್ತದೆ, ತಾರೀಕಿನ ಜಾಗವನ್ನು ಗೆದ್ದಲು ತಿಂದಿದೆ.

'ರಾಷ್ಟ್ರಬಂಧು' ಮಂಗಳೂರಿನ ವಾರಪತ್ರಿಕೆ. ಅದನ್ನು ಬಹುಕಾಲ ನಡೆಸಿದವರು ಕವಿ ಕಡೆಂಗೋಡ್ಲು ಶಂಕರಭಟ್ಟರು. ಅದಕ್ಕೂ ಮೊದಲು, 1907ರಲ್ಲಿ, ವಿ.ಎಸ್. ಕಾಮತರ 'ಸ್ವದೇಶಾಭಿಮಾನಿ' ಮಂಗಳೂರಿನಲ್ಲೇ ಹುಟ್ಟಿತ್ತು. ಗೋವಿಂದ ಪೈಗಳು ಪ್ರಾಸ ಬಿಟ್ಟು ಬರೆದ ಕವಿತೆಗೆ 1911ರಲ್ಲಿ ಜಾಗ ಕೊಟ್ಟದ್ದು ಅದೇ. ಉಡುಪಿಯಲ್ಲಿ 'ನವಯುಗ' ಇತ್ತು. ಅಸಹಕಾರ ಚಳವಳಿಗಾಗಿ ಕಾಲೇಜು ಬಿಟ್ಟು ಬಂದ ಶಿವರಾಮ ಕಾರಂತರು ಕುಂದಾಪುರದಿಂದ 'ವಸಂತ' ಎಂಬ ಮಾಸಪತ್ರಿಕೆ ಹೊರಡಿಸಿ ಕೈಸುಟ್ಟುಕೊಂಡರು.

ನಾವು ಆಗ ಮದ್ರಾಸು ಪ್ರಾಂತ್ಯದವರು ಎಂಬುದನ್ನು ಇಂದಿನ ಮಕ್ಕಳಿಗೆ ಹೇಳಿದರೆ ನಂಬುವುದಿಲ್ಲ. 1956ರವರೆಗೂ ಉಡುಪಿ, ಕಾರ್ಕಳ, ಕಾಪು ಎಲ್ಲಕ್ಕೂ ಸರಕಾರ ಮದ್ರಾಸಿನದೇ. ಹಾಗಾಗಿ ನಮ್ಮ ಪತ್ರಿಕೆಗಳ ಕತೆಯನ್ನು ತಮಿಳು ಪತ್ರಿಕೆಗಳಿಂದ ಬೇರ್ಪಡಿಸಿ ನೋಡಲಾಗದು. ಜಿ. ಸುಬ್ರಹ್ಮಣ್ಯ ಅಯ್ಯರ್ ಮದ್ರಾಸಿನಲ್ಲಿ 1882ರಲ್ಲೇ ತಮಿಳಿನಲ್ಲಿ 'ಸ್ವದೇಶಮಿತ್ರನ್' ಶುರುಮಾಡಿದ್ದರು. 'ದಿ ಹಿಂದೂ' ಸ್ಥಾಪಿಸಿದವರಲ್ಲಿ ಅವರೂ ಒಬ್ಬರು. ಆದರೆ ಇಂಗ್ಲಿಷ್ ಓದುವವರು ಎಷ್ಟು ಮಂದಿ? ಊರಿಗೆ ವಿಷಯ ಮುಟ್ಟಬೇಕಾದರೆ ಊರ ಭಾಷೆಯೇ ಬೇಕೆಂದು ಅವರು ಕಂಡುಕೊಂಡರು. 1908ರಲ್ಲಿ ರಾಜದ್ರೋಹದ ಆರೋಪದಲ್ಲಿ ಅವರ ಬಂಧನವಾಯಿತು. ಸುಬ್ರಹ್ಮಣ್ಯ ಭಾರತಿಯ 'ಇಂಡಿಯಾ' ಪತ್ರಿಕೆ ಅದೇ ವರ್ಷ ಫ್ರೆಂಚರ ಪುದುಚೇರಿಗೆ ಓಡಿತು. 1910ರಲ್ಲಿ ತಿರುವಾಂಕೂರಿನ ಮಲಯಾಳಂ ಪತ್ರಿಕೆಯೊಂದನ್ನು ಮುಟ್ಟುಗೋಲು ಹಾಕಿ, ಸಂಪಾದಕ ರಾಮಕೃಷ್ಣ ಪಿಳ್ಳೆಯವರನ್ನು ಗಡೀಪಾರು ಮಾಡಿದರು. ಅದರ ಹೆಸರೂ 'ಸ್ವದೇಶಾಭಿಮಾನಿ'ಯೇ! ನಮ್ಮ ಕಾಮತರು ಆ ಸುದ್ದಿ ಓದುವಾಗ ಏನೆಂದುಕೊಂಡರೋ.

ಅದೇ 1910ರಲ್ಲಿ ಪತ್ರಿಕಾ ಕಾಯಿದೆ ಬಂತು. ಹೊಸ ಮುದ್ರಣಾಲಯ ತೆರೆಯುವವನು 500ರಿಂದ 2,000 ರೂಪಾಯಿವರೆಗೆ ಠೇವಣಿ ಇಡಬೇಕು, ಸರಕಾರಕ್ಕೆ ಹಿಡಿಸದ್ದು ಅಚ್ಚಾದರೆ ಅದು ಮುಳುಗಿತು. ಅಚ್ಚುಮೊಳೆ ಜೋಡಿಸುವ ಸಣ್ಣ ಊರಿನ ಪ್ರೆಸ್ಸಿಗೆ ಅದು ಸಣ್ಣ ಮೊತ್ತವಲ್ಲ. 1922ರಲ್ಲಿ ಆ ಕಾಯಿದೆ ಹೋಯಿತು. ಆದರೆ ಉಪ್ಪಿನ ಸತ್ಯಾಗ್ರಹದ ಹೊತ್ತಿಗೆ, 1930ರ ಏಪ್ರಿಲಿನಲ್ಲಿ, ಸುಗ್ರೀವಾಜ್ಞೆಯಾಗಿ ಮರಳಿತು. ಠೇವಣಿ ಕೊಡಬೇಡಿ, ಬೇಕಾದರೆ ಪತ್ರಿಕೆಯನ್ನೇ ನಿಲ್ಲಿಸಿ ಎಂಬುದು ಗಾಂಧೀಜಿಯ ಸಲಹೆ. ಅವರ 'ಯಂಗ್ ಇಂಡಿಯಾ' ಸೈಕ್ಲೋಸ್ಟೈಲ್ ಪ್ರತಿಯಾಗಿ ಹೊರಟಿತು. ಹೇಳುವುದು ಸುಲಭ, ಪತ್ರಿಕೆ ನಿಂತರೆ ಮೊಳೆ ಜೋಡಿಸುವವನ ಮನೆಯ ಅಕ್ಕಿಯೂ ನಿಲ್ಲುತ್ತದೆ.

ಅಜ್ಜ ಹೇಳುತ್ತಿದ್ದ ಲೆಕ್ಕ ಬೇರೆ. ಐದನೇ ಕ್ಲಾಸು ಕಲಿತಿದ್ದ ಅವರು ಹುಡುಗನಾಗಿದ್ದಾಗ ಕಟ್ಟೆಬದಿಯ ಅಂಗಡಿಯಲ್ಲಿ ಪತ್ರಿಕೆ ಓದಿ ಹೇಳುತ್ತಿದ್ದರಂತೆ. ಊರಿಗೆ ಬರುತ್ತಿದ್ದದ್ದು ಒಂದೇ ಪ್ರತಿ, ಕೇಳುವವರು ಇಪ್ಪತ್ತು ಮಂದಿ. ಕನ್ನಡದಲ್ಲಿ ಓದಿ ತುಳುವಿನಲ್ಲಿ ಅರ್ಥ ಹೇಳಬೇಕು. ಓದಿದ್ದಕ್ಕೆ ಒಂದು ಗ್ಲಾಸು ಚಾ. 1934ರ ಫೆಬ್ರವರಿಯಲ್ಲಿ ಗಾಂಧೀಜಿ ಉಡುಪಿಗೆ ಬರುತ್ತಾರೆಂದು ಊರಿಗೆ ಮೊದಲು ಓದಿ ಹೇಳಿದ್ದೂ ತಾನೇ ಎಂಬ ಜಂಬ ಅವರಿಗೆ ಕೊನೆಯವರೆಗೂ ಇತ್ತು. ಆಮೇಲೆ ನಾಲ್ಕು ಮಂದಿ ಸೇರಿ ಅಜ್ಜರಕಾಡಿಗೆ ನಡೆದೇ ಹೋದರಂತೆ. ಗಾಂಧೀಜಿಯ ಮಾತು ಕೇಳಿಸಿತೋ ಎಂದು ಕೇಳಿದರೆ, "ಜನ ಕಂಡದ್ದೇ ಹೆಚ್ಚು" ಎನ್ನುತ್ತಿದ್ದರು.

ಇನ್ನೊಂದು ಸಂಗತಿ ನನ್ನನ್ನು ಬಿಡದೆ ಕಾಡುತ್ತದೆ. ಮದ್ರಾಸು ಸರಕಾರ ತಮಿಳು, ತೆಲುಗು, ಮಲಯಾಳಂ, ಕನ್ನಡ ಪತ್ರಿಕೆಗಳನ್ನೆಲ್ಲ ಓದಿಸಿ, ಮುಖ್ಯವಾದದ್ದನ್ನು ಇಂಗ್ಲಿಷಿಗೆ ಸಾರಾಂಶ ಮಾಡಿಸಿ, ಅಧಿಕಾರಿಗಳಿಗಾಗಿ ಗುಟ್ಟಿನ ವರದಿ ಅಚ್ಚು ಹಾಕಿಸುತ್ತಿತ್ತು. ಆ ವರದಿಗಳು ದಫ್ತರಗಳಲ್ಲಿ ಭದ್ರವಾಗಿವೆ. ನಾವು ಅಭಿಮಾನದಿಂದ ಕಟ್ಟಿಟ್ಟ ಕನ್ನಡವನ್ನು ನಾವೇ ಒಲೆಗೆ ಹಾಕಿದೆವು, ಸಂಶಯದಿಂದ ಓದಿದವರು ಜೋಪಾನ ಮಾಡಿದರು. ಅಂಗಡಿಯಲ್ಲಿ ಅಜ್ಜ ಓದಿದ ವಾಕ್ಯ ಹೇಗಿತ್ತೆಂದು ತಿಳಿಯಲು ಆ ಇಂಗ್ಲಿಷ್ ಸಾರಾಂಶ ಸಾಕಾಗುವುದಿಲ್ಲ.

ಟ್ರಂಕಿನ ಹಾಳೆಯನ್ನು ಸ್ಕ್ಯಾನ್ ಮಾಡಿದ್ದೇನೆ. ಒಂದು ಕಾಲಮ್ಮಿನಲ್ಲಿ ಖಾದಿ ಮಾರಾಟದ ಸುದ್ದಿ, ಪಕ್ಕದಲ್ಲೇ ತಲೆನೋವಿನ ಎಣ್ಣೆಯ ಜಾಹೀರಾತು. ಕಾರ್ಕಳದ ಕಡೆಯ ಹಳೇ ಮನೆಗಳಲ್ಲೂ, ಕಾಪುವಿನ ಕಡಲ ಬದಿಯಲ್ಲೂ ಇಂಥ ಟ್ರಂಕು, ದೇವರ ಪಟದ ಹಿಂಬದಿ, ಜಾತಕದ ಸುರುಳಿ ಸುತ್ತಿದ ಕಾಗದ ಇನ್ನೂ ಇದ್ದೀತು. ಸಿಕ್ಕಿದವರು ಶಾಲೆಗೆ ತಿಳಿಸಿ, ಭಾನುವಾರ ನಾನೇ ಬರುತ್ತೇನೆ. ದಯವಿಟ್ಟು ನೀರು ಹಚ್ಚಿ ಕೀಳಬೇಡಿ. ಪೆಟ್ಟಿಗೆ ಸಮೇತ ಇದ್ದರೂ ಅಡ್ಡಿಯಿಲ್ಲ.